ನಮ್ಮವರ ಹೆಸರು ಕಡಲು ದಾಟಿದ್ದು

ಇಂಗ್ಲೆಂಡಿಗೆ ಹೋಗಿ ಬಂದವರು ಅರಮನೆ ನೋಡಿದೆವು, ಸೇತುವೆ ನೋಡಿದೆವು ಎಂದು ಬರೆಯುತ್ತಾರೆ. ನಾವೂ ನೋಡಿದೆವು. ಆದರೆ ಹಾನಗಲ್ ಬಸ್‌ಸ್ಟ್ಯಾಂಡಿನಲ್ಲಿ ಬ್ಯಾಗು ಇಳಿಸುತ್ತಿದ್ದಂತೆ ಜನ ಕೇಳಿದ್ದು ಅರಮನೆಯ ಸುದ್ದಿ ಅಲ್ಲ, ಅಲ್ಲಿ ಮಂದಿ ಹೇಗಿದ್ದಾರೆ ಎಂದು. ಬಹಳ ಒಳ್ಳೆಯವರು ಎಂದೆ. ದಾರಿ ಕೇಳಿದರೆ ಕೈ ತೋರಿಸಿ ಸುಮ್ಮನಾಗುವುದಿಲ್ಲ, ಜೊತೆಗೇ ನಡೆದು ಬರುತ್ತಾರೆ. ಮನೆಗೆ ಹೋದರೆ ನಮ್ಮ ಕಡೆಯ ಹಾಗೆಯೇ ಚಹಾ ಕುಡಿಸದೆ ಬಿಡುವುದಿಲ್ಲ. ನನ್ನದು ಒಂದೇ ತಕರಾರು. ನನ್ನ ಗಂಡನ ಹೆಸರನ್ನು ಒಂದೊಂದು ಊರಿನವರು ಒಂದೊಂದು ನಮೂನೆ ಕೆಡಿಸಿದರು. ಹಾಗಲ್ಲ ಹೀಗೆ ಅನ್ನಿರಪ್ಪಾ ಎಂದು ತಿದ್ದಬೇಕಾದವಳು ನಾನು. ಶಿಗ್ಗಾಂವಿಯ ಹೈಸ್ಕೂಲಿನಲ್ಲಿ ರಿಟೈರ್ ಆಗುವವರೆಗೆ ಇಂಗ್ಲಿಷ್ ಕಲಿಸಿದವಳು. ಅಂಥವಳು ಬಾಯಿಗೆ ಬೀಗ ಹಾಕಿಕೊಂಡು ನಿಂತಿದ್ದೆ.

ಯಾಕೆ ಎಂದು ಹೊರಗಿನವರಿಗೆ ಬಿಡಿಸಿ ಹೇಳಬೇಕಾಗುತ್ತದೆ.

ಹೊರಡುವ ಮೊದಲು

ನಮ್ಮವರ ಹೆಸರು ಅಡಿವೆಪ್ಪ. ಊರು ಹಾನಗಲ್ ತಾಲೂಕಿನ ಆಡೂರು. ಬರೆಯಲು ನನಗೇನೂ ಅಡ್ಡಿಯಿಲ್ಲ. ರೇಶನ್ ಕಾರ್ಡಿನಿಂದ ಪಾಸ್‌ಪೋರ್ಟಿನವರೆಗೆ ಎಲ್ಲ ಕಡೆ ನಾನೇ ತುಂಬಿದ್ದೇನೆ. ಬಾಯಲ್ಲಿ ಮಾತ್ರ ಬರುವುದಿಲ್ಲ. ನಮ್ಮ ಕಡೆ ಹೆಂಡತಿಯಾದವಳು ಗಂಡನ ಹೆಸರು ಹಿಡಿದು ಕರೆಯುವುದಿಲ್ಲ. ಮದುವೆಯಲ್ಲಿ ಹೊಸಿಲ ಮೇಲೆ ನಾದಿನಿಯರು ಅಡ್ಡ ನಿಂತಾಗ ಒಂದು ಒಡಪು ಹಾಕಬೇಕು. ಅಂದರೆ ಪ್ರಾಸ ಕೂಡಿಸಿದ ಎರಡು ಸಾಲು ಹೇಳಿ, ಅದರ ನಡುವೆ ಗಂಡನ ಹೆಸರನ್ನು ತೂರಿಸಿ, ಒಳಗೆ ಓಡಿಬಿಡಬೇಕು. ನಾನೂ ಹಾಗೆ ಹೇಳಿ ಓಡಿದವಳೇ. ಅಲ್ಲಿಂದ ಇಲ್ಲಿಯವರೆಗೆ ಮನೆಯಲ್ಲಿ “ರೀ”, ಮಂದಿಯ ಮುಂದೆ “ನಮ್ಮವರು”, ಇಷ್ಟರಲ್ಲೇ ಸಂಸಾರ ಸಾಗಿದೆ.

ಹಿರೇಕೆರೂರು ತಾಲೂಕಿನ ಹಂಸಭಾವಿ ನನ್ನ ತವರು. ಗಂಡನ ಹೆಸರು ಹಿಡಿದರೆ ಅವನ ಆಯುಷ್ಯ ಸವೆಯುತ್ತದೆ ಎಂದು ನಮ್ಮವ್ವ ಹೇಳಿಕೊಟ್ಟಿದ್ದಳು. ನಾನೋ, ಮೂಢನಂಬಿಕೆಯ ಮೇಲೆ ವರ್ಷಾ ವರ್ಷಾ ಮಕ್ಕಳಿಂದ ಪ್ರಬಂಧ ಬರೆಸಿದವಳು. ನಂಬುತ್ತೀಯಾ ಎಂದರೆ ಇಲ್ಲ ಎನ್ನುತ್ತೇನೆ. ಆದರೆ ಹೋದ ವರ್ಷ ಇವರಿಗೆ ಎದೆನೋವು ಬಂದು, ಹುಬ್ಬಳ್ಳಿಯಲ್ಲಿ ಸ್ಟೆಂಟ್ ಹಾಕಿಸಿಕೊಂಡು ಬಂದಿದ್ದೇವೆ. ಆಪರೇಶನ್ ಕೋಣೆಯ ಹೊರಗಿನ ಬೆಂಚಿನ ಮೇಲೆ ಕೂತು ಎದ್ದ ಮೇಲೆ, ನಂಬದಿದ್ದರೂ ಯಾಕೆ ಬೇಕು ಉಸಾಬರಿ ಎನ್ನುವ ಬುದ್ಧಿ ಬರುತ್ತದೆ.

ಇವರು ಏಕತಾರಿ ಹಿಡಿದು ತತ್ವಪದ ಹಾಡುತ್ತಾರೆ. ಅಪ್ಪನಿಂದ ಕಲಿತದ್ದು. ಒಂದು ಸಂಜೆ ಗದ್ದೆಯಿಂದ ಬಂದು ಕಾಲು ತೊಳೆದು ಕಟ್ಟೆಯ ಮೇಲೆ ಕೂತು ಹಾಡುತ್ತಿದ್ದರು. ದಾರಿಹೋಕರು ಯಾರೋ ಅದನ್ನು ಮೊಬೈಲಿನಲ್ಲಿ ಹಿಡಿದು ಹರಿಬಿಟ್ಟರು. ಆ ವಿಡಿಯೊ ಎಲ್ಲೆಲ್ಲಿಗೆ ಹೋಯಿತೋ ಶಿವನೇ ಬಲ್ಲ. ಟೀವಿಯವರು ಬಂದರು. ಬಸ್ಸಿನಲ್ಲಿ ಕೂತರೆ ಹುಡುಗಿಯರು ಪಕ್ಕಕ್ಕೆ ಬಂದು ಫೋಟೊ ತೆಗೆಸಿಕೊಳ್ಳುತ್ತಾರೆ. ಸವಣೂರಿನಲ್ಲಿ ಕುರುಕಲು ಖಾರದ ಅಂಗಡಿಯೊಂದರ ಗೋಡೆಯ ಮೇಲೆ, ದೇವರ ಪಟದ ಕೆಳಗೇ ಇವರ ಪಟ ಇದೆ. ಈಗ ಇಡೀ ಸೀಮೆಗೆ ಇವರು “ಅಜ್ಜಾರು”.

ಆ ವಿಡಿಯೊ ಲೀಡ್ಸ್ ಎಂಬ ಊರಿನ ಹೆಲೆನ್ ಎಂಬ ಹೆಣ್ಣುಮಗಳ ಕಣ್ಣಿಗೂ ಬಿತ್ತು. ಅಲ್ಲಲ್ಲಿಯ ಜಾನಪದ ಹಾಡುಗಾರರನ್ನು ಕರೆಸಿ ಊರೂರಿನಲ್ಲಿ ಹಾಡಿಸುವ ಹವ್ಯಾಸ ಅವಳದು. ನಮ್ಮನ್ನೂ ಕರೆಸಿದಳು. ಇವರು ವಿಮಾನದಲ್ಲಿ ಕೂತು ಬೆಲ್ಟು ಬಿಗಿದುಕೊಳ್ಳುತ್ತ, ಅಲ್ಲಿ ದೊಡ್ಡವರು ಸಣ್ಣವರು ಎನ್ನದೆ ಎಲ್ಲರನ್ನೂ ಹೆಸರು ಹಿಡಿದೇ ಕರೆಯುತ್ತಾರಂತೆ ಎಂದು ಎರಡೆರಡು ಸಲ ಹೇಳಿದರು. ನಮ್ಮ ಕಡೆಯ ಭಜನೆಯಲ್ಲಿ ಹಾಡುವವನು ತಾನಾಗಿ ಎದ್ದು ಹೋಗುವಂತಿಲ್ಲ. ಹಿರಿಯರೊಬ್ಬರು ಊರು ಹೇಳಿ, ಹೆಸರು ಹೇಳಿ ಕರೆಯಬೇಕು. ಆಮೇಲೆ ನೆಲ ಮುಟ್ಟಿ ನಮಸ್ಕಾರ ಮಾಡಿ ಏಕತಾರಿ ಎತ್ತಿಕೊಳ್ಳಬೇಕು. ಅದನ್ನು ಇವರು ಇವತ್ತಿಗೂ ಬಿಟ್ಟಿಲ್ಲ. ಇಷ್ಟು ಸಂಭ್ರಮ ಯಾತಕ್ಕೆ ಎಂದು ನನಗೆ ಆಗ ತಿಳಿಯಲಿಲ್ಲ. ಕಿಟಕಿಯ ಹತ್ತಿರದ ಸೀಟು ಸಿಕ್ಕಿದ್ದಕ್ಕೆ ಇರಬೇಕು ಅಂದುಕೊಂಡೆ.

ಲಂಡನ್

ವಿಮಾನ ನಿಲ್ದಾಣದಲ್ಲಿ ಏಕತಾರಿಯ ಬುರುಡೆಯನ್ನು ಅಧಿಕಾರಿಯೊಬ್ಬ ತಿರುತಿರುಗಿಸಿ ನೋಡಿದ. ತರಕಾರಿ ಒಳಗೆ ತರುವಂತಿಲ್ಲ ಎಂದ. ಅದು ಒಣಗಿದ ಸೋರೆಕಾಯಿ ಎಂದು ನಾನು ಸತ್ಯ ಹೇಳಿದ್ದೇ ತಪ್ಪಾಯಿತು. ಕಡೆಗೆ ಇವರು ತಂತಿ ಮೀಟಿ ಸಣ್ಣಗೆ ಒಂದು ಸಾಲು ಹಾಡಿದರು. ಹಿಂದೆ ನಿಂತವರು ಸಾಲು ಕೆಡಿಸಿಕೊಂಡು ಮುಂದೆ ಬಂದು ನೋಡಿದರು. ಅವನೂ ನಕ್ಕು ಬಿಟ್ಟುಕೊಟ್ಟ.

ನನ್ನ ಇಂಗ್ಲಿಷಿನ ಸೊಕ್ಕು ಇಳಿದದ್ದು ಅದೇ ದಿನ. ಪುಸ್ತಕದ ಇಂಗ್ಲಿಷು ಅಲ್ಲಿ ಯಾರ ಬಾಯಲ್ಲೂ ಇಲ್ಲ. ಲಂಡನ್ನಿನ ಹುಡುಗರು ಮಾತಿನ ನಡುವಿನ ಟಕಾರವನ್ನು ನುಂಗಿಬಿಡುತ್ತಾರೆ. ವಾಟರ್ ಬೇಕೇ ಎಂದು ಹೋಟೆಲಿನವನು ಕೇಳಿದ್ದು ನನಗೆ ತಿಳಿಯುವಷ್ಟರಲ್ಲಿ ಅವನು ಪಕ್ಕದ ಟೇಬಲ್ಲಿಗೆ ಹೋಗಿದ್ದ. ಹಾನಗಲ್ಲಿನಿಂದ ಹಿರೇಕೆರೂರಿಗೆ ಹೋದರೇ ಮಾತಿನ ಧಾಟಿ ಬದಲಾಗುತ್ತದೆ, ಇನ್ನು ಇದು ಕಡಲಾಚೆ ಎಂದು ಸಮಾಧಾನ ಮಾಡಿಕೊಂಡೆ.

ಕಾರ್ಯಕ್ರಮ ಒಂದು ಗ್ರಂಥಾಲಯದ ಮೇಲಿನ ಸಭಾಂಗಣದಲ್ಲಿ. ನಿರೂಪಣೆ ಮಾಡುವ ತರುಣ ಬಹಳ ಮರ್ಯಾದೆಯವನು. ತಾನಾಗಿಯೇ ಬಂದು, ತಮ್ಮ ಹೆಸರನ್ನು ಸರಿಯಾಗಿ ಹೇಗೆ ಅನ್ನಬೇಕು ಎಂದು ಇವರನ್ನೇ ಕೇಳಿದ. ಇವರು ನಮ್ಮ ಕಡೆಯ ಪದ್ಧತಿಯಂತೆ ಕೈಮುಗಿದು, ಅಡಿವೆಪ್ಪ ಅಂತಾರ್ರೀ ಎಂದರು. ಅವನು ಅಷ್ಟನ್ನೂ ಅಂಗೈ ಮೇಲೆ ಬರೆದುಕೊಂಡ. ಸಂಜೆ ಮೈಕಿನ ಮುಂದೆ ನಿಂತು, ಮಿಸ್ಟರ್ ಆಡಿವೇಪನ್ಟಾರೀ ಎಂದು ಕರೆದ. ನಮ್ಮವರು ಆ ಪುಣ್ಯಾತ್ಮ ಯಾರಿರಬಹುದು ಎಂದು ಹಿಂದೆ ತಿರುಗಿ ನೋಡುತ್ತ ಕೂತರು. ನಾನು ಮೊಣಕೈಯಿಂದ ತಿವಿದು ಎಬ್ಬಿಸಿದೆ.

ಹಾಡಿದರು. ಚಪ್ಪಾಳೆಯೂ ಬಂತು. ಆದರೆ ಇಷ್ಟು ವರ್ಷ ಕೇಳಿದ ನನ್ನ ಕಿವಿಗೆ ಗೊತ್ತಾಗುತ್ತದೆ, ಅದು ಗಂಟಲಿನ ಹಾಡು, ಹೊಟ್ಟೆಯಿಂದ ಬಂದದ್ದಲ್ಲ. ಹೊರಗೆ ಬಂದ ಮೇಲೆ ಹೇಗಾಯಿತು ಎಂದು ಕೇಳಿದೆ.

“ಯಾರ್ನೋ ಕರದ್ರು. ಅಂವಾ ಬರ್ಲಿಲ್ಲಂತ ನಾ ಹಾಡಿದೆ” ಎಂದರು.

ಲೀಡ್ಸ್

ಹೆಲೆನ್ ತನ್ನ ಕಾರಿನಲ್ಲೇ ನಮ್ಮನ್ನು ಲೀಡ್ಸಿಗೆ ಕರೆದೊಯ್ದು ಮನೆಯಲ್ಲಿ ಇಳಿಸಿಕೊಂಡಳು. ಈ ಕಡೆಯವರ ಮಾತು ಅಗಲ. ಬಸ್ಸಿಗೆ ಬುಸ್ ಎನ್ನುತ್ತಾರೆ. ಗುರುತು ಪರಿಚಯ ಇಲ್ಲದವರನ್ನೂ ಲುವ್, ಅಂದರೆ ಪ್ರೀತಿಯೇ, ಎಂದು ಕರೆಯುತ್ತಾರೆ. ಬಸ್ಸಿನ ಡ್ರೈವರ್ ನನಗೆ ಹಾಗೆ ಅಂದಾಗ ನಾನು ಸೆರಗು ಹೊದ್ದುಕೊಂಡು ಹಿಂದಿನ ಸೀಟಿಗೆ ಹೋಗಿ ಕೂತೆ. ನಮ್ಮ ಶಿಗ್ಗಾಂವಿ ಬಸ್ಸಿನಲ್ಲಿ ಅಂದಿದ್ದರೆ ಅವನ ಗತಿ ಏನಾಗುತ್ತಿತ್ತೋ. ಆಮೇಲೆ ನೋಡಿದರೆ ಇವರಿಗೂ ಅಂದ, ಕೋಲು ಹಿಡಿದ ಮುದುಕನಿಗೂ ಅಂದ. ನಾವು ಎಲ್ಲರಿಗೂ ಯಪ್ಪಾ, ಯವ್ವಾ ಅನ್ನುವುದಿಲ್ಲವೇ, ಹಾಗೆ.

ನಾವು ಕಟ್ಟಿಕೊಂಡು ಹೋದ ಜೋಳದ ಕಟಕರೊಟ್ಟಿ ಹೆಲೆನ್‌ಗೆ ಬಹಳ ಸೇರಿತು. ಅಗಸಿ ಚಟ್ನಿಪುಡಿಯನ್ನು ಕಾಳುಮೆಣಸಿನ ಪುಡಿಯೆಂದು ತಿಳಿದು ಸೂಪಿನ ಮೇಲೆ ಧಾರಾಳವಾಗಿ ಸುರಿದುಕೊಂಡು, ಕಣ್ಣೀರು ಸುರಿಸುತ್ತ ಪೂರ್ತಿ ಉಂಡಳು. ಅವಳ ಒಳ್ಳೆಯತನಕ್ಕೆ ಮಿತಿಯಿಲ್ಲ. ಲಂಡನ್ನಿನಲ್ಲಿ ಹೆಸರು ಕೆಟ್ಟದ್ದು ಅವಳಿಗೂ ಬೇಸರ ತಂದಿತ್ತು. ಫೋನಿನಲ್ಲಿ ಹೆಸರು ಬರೆದು ಅದರಿಂದಲೇ ಓದಿಸಿ ನೋಡಿದಳು. ಆ ಯಂತ್ರ ಅಡೈವೆಪೇ ಎಂದಿತು. ಸರಿ, ನೀವೇ ಇಂಗ್ಲಿಷ್ ಟೀಚರ್, ನೀವೇ ಹೇಳಿಕೊಡಿ ಎಂದು ನನ್ನನ್ನು ಹಿಡಿದಳು. ಇವರನ್ನೇ ಕೇಳಿದರೆ ಮತ್ತೆ ಅಂತಾರ್ರೀ ಎಂಬ ಬಾಲ ಸೇರಿಸುವವರೇ.

ನಾನು ಒಂದು ಉಪಾಯ ಹುಡುಕಿದೆ. ಇಡೀ ಹೆಸರು ಬಾಯಿಗೆ ತಾನೇ ಅಡ್ಡಿ? ತುಂಡು ಮಾಡಿದರೆ ಅದು ಹೆಸರಲ್ಲ. ಲೀಡ್ಸಿನ ನಿರೂಪಕ ಟಾಮ್ ಎಂಬ ದೊಡ್ಡ ಹೊಟ್ಟೆಯ ಗೃಹಸ್ಥ. ಅವನನ್ನು ಕೂರಿಸಿಕೊಂಡು ಮೊದಲು ಅಡಿ ಎಂದಷ್ಟೇ ಹೇಳಿದೆ. ಅವನು ಅಂದ. ತಿದ್ದಿದೆ. ಇನ್ನೊಮ್ಮೆ ಅಂದ, ಸರಿಯಾಯಿತು. ಕೂಡಲೇ ಎರಡನೆಯದನ್ನು ಹೇಳಿದರೆ ಎರಡೂ ಕೂಡಿಬಿಟ್ಟಾವು ಎಂಬ ಭಯಕ್ಕೆ, ನಡುವೆ ಮಳೆಯ ವಿಷಯ ಮಾತಾಡಿದೆ, ಅವನ ಮೊಮ್ಮಕ್ಕಳ ವಿಷಯ ಕೇಳಿದೆ, ಒಂದು ಕಪ್ಪು ಚಹಾ ಕುಡಿದೆ. ಆಮೇಲೆ ಇನ್ನೊಂದು, ವೆಪ್ಪ, ಎಂದು ಹೇಳಿದೆ. ನಮ್ಮ ಒತ್ತಕ್ಷರ ಅವರ ಬಾಯಲ್ಲಿ ನಿಲ್ಲುವುದಿಲ್ಲ, ಎರಡು ಪಕಾರ ಒಂದೇ ಆಗುತ್ತದೆ. ತುಟಿಯನ್ನು ಒಂದು ಕ್ಷಣ ಒತ್ತಿ ಹಿಡಿ ಎಂದು ಅಭಿನಯಿಸಿ ತೋರಿಸಿದೆ. ಅದೂ ಬಂತು. ನನ್ನ ನೌಕರಿಯಲ್ಲಿ ಇಷ್ಟು ಚೆನ್ನಾಗಿ ಕಲಿತ ವಿದ್ಯಾರ್ಥಿ ಇನ್ನೊಬ್ಬನಿರಲಿಲ್ಲ ಎಂದು ಬೀಗಿದೆ.

ಸಂಜೆ ವೇದಿಕೆಯ ಮೇಲೆ ಎರಡು ಕುರ್ಚಿ ಇಟ್ಟಿದ್ದರು. ಟಾಮ್ ಮೈಕಿನ ಮುಂದೆ ಎದೆಯುಬ್ಬಿಸಿ ನಿಂತು, ಭಾರತದಿಂದ ಬಂದ ದಂಪತಿಗಳನ್ನು ಸ್ವಾಗತಿಸಿ ಎಂದ. ಆಡಿ ಮತ್ತು ವೆಪ್ಪ ಎಂದ. ಬೆಳಕು ತಿರುಗಿ ನನ್ನ ಮೈಮೇಲೆ ಬಿತ್ತು. ಇಬ್ಬರ ಹೆಸರನ್ನು ಬೇರೆ ಬೇರೆಯಾಗಿ, ಅಷ್ಟು ಅಂತರ ಬಿಟ್ಟು, ಅಷ್ಟು ಶ್ರದ್ಧೆಯಿಂದ ಹೇಳಿಕೊಟ್ಟವಳು ನಾನೇ ಅಲ್ಲವೇ. ಆ ಮನುಷ್ಯನನ್ನು ಬಯ್ಯುವುದಾದರೂ ಹೇಗೆ? ನಮ್ಮವರು ನಗು ತಡೆಯಲಾರದೆ ಏಕತಾರಿಯ ಹಿಂದೆ ಮುಖ ಮರೆಮಾಡಿಕೊಂಡು, ಬಾರವ್ವಾ ವೆಪ್ಪಾ ಎಂದು ಕೈಹಿಡಿದು ಮೇಲೆ ಹತ್ತಿಸಿದರು. ತಾಳ ಇರಲಿಲ್ಲ. ಇಡೀ ಸಂಜೆ ಕೈ ತಟ್ಟುತ್ತ, ನನಗೆ ಬರುವ ಪಲ್ಲವಿಗೆ ದನಿ ಕೂಡಿಸುತ್ತ ಕೂತೆ. ಮುಗಿದ ಮೇಲೆ ಜನ ಬಂದು ನನ್ನ ಕೈಯನ್ನೂ ಕುಲುಕಿದರು.

ಮರುದಿನ ಹೆಲೆನ್ ಹಿಂಜರಿಯುತ್ತ ಒಂದು ಮಾತು ತೆಗೆದಳು. ಐರ್ಲೆಂಡಿನ ಕಾರ್ಕ್ ಊರಿನ ಪೋಸ್ಟರು ಇನ್ನೂ ಅಚ್ಚಾಗಿಲ್ಲ. ಅಲ್ಲಿ ಹೆಸರನ್ನು ಬರೀ ಆಡಿ ಎಂದು ಹಾಕಿದರೆ ಹೇಗೆ? ಕರೆಯುವವರಿಗೂ ಸುಲಭ, ನೆನಪಿಡುವವರಿಗೂ ಸುಲಭ. ಬೇಡವೆಂದರೆ ಖಂಡಿತ ಬೇಡ ಎಂದೂ ಹೇಳಿದಳು. ನಾನು ಇವರಿಗೆ ಕನ್ನಡದಲ್ಲಿ ತಿಳಿಸಿದೆ. ಇವರು ಬ್ರೆಡ್ಡನ್ನು ಚಹಾದಲ್ಲಿ ಅದ್ದುತ್ತ, ಆಗಲಿ ಬಿಡು, ಪಾಪ ಅವರಿಗೂ ತ್ರಾಸ ಆಗಾಕತ್ತೈತಿ ಎಂದುಬಿಟ್ಟರು.

ನನಗೆ ಸಿಟ್ಟು ಬಂತು. ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಟ್ಟದ್ದು ಅದು. ತೊಟ್ಟಿಲಿಗೆ ಹಾಕಿದ ದಿನ ಕಿವಿಯಲ್ಲಿ ಕೂಗಿದ ಹೆಸರು. ಬಟ್ಟೆ ಉದ್ದವಾಯಿತೆಂದು ದರ್ಜಿ ಕತ್ತರಿಸಿದ ಹಾಗೆ ಕತ್ತರಿಸಲು ಇವರು ಒಪ್ಪಿದ್ದಾದರೂ ಹೇಗೆ? ಹೆಲೆನ್‌ಗೆ ಸರಿ ಎಂದು ಹೇಳಿದೆ. ಅವತ್ತು ಮಧ್ಯಾಹ್ನದವರೆಗೆ ಇವರ ಜೊತೆ ಮಾತಾಡಲಿಲ್ಲ.

ಗ್ಲಾಸ್ಗೊ

ಸ್ಕಾಟ್ಲೆಂಡಿನ ಗ್ಲಾಸ್ಗೊದಲ್ಲಿ ಮೊದಲ ದಿನ ಒಂದು ವಾಕ್ಯವೂ ನನಗೆ ತಿಳಿಯಲಿಲ್ಲ. ಆದರೆ ಕಿವಿಗೆ ಹಿತವಾಗಿತ್ತು. ಅಲ್ಲಿಯವರು ರಕಾರವನ್ನು ನಮ್ಮ ಹಾಗೆಯೇ ನಾಲಿಗೆ ಕುಣಿಸಿ ಅನ್ನುತ್ತಾರೆ. ಮಾತು ಗಟ್ಟಿ, ನಗು ಗಟ್ಟಿ, ಬಯ್ದರೋ ಉಪಚಾರ ಮಾಡಿದರೋ ತಿಳಿಯುವುದಿಲ್ಲ. ಥೇಟ್ ನಮ್ಮ ಕಡೆಯವರು.

ಇಲ್ಲಿ ನಿರೂಪಣೆಗೆ ಇದ್ದವಳು ಇಸಾಬೆಲ್, ನನ್ನಂತೆಯೇ ಟೀಚರಾಗಿದ್ದವಳು. ತುಂಡು ಮಾಡುವ ಉಪಾಯ ಕೈಕೊಟ್ಟಿತ್ತು. ಈ ಸಲ ಸವಣೂರಿಗೆ ಫೋನು ಹಚ್ಚಿದೆ. ಇವರ ಅಕ್ಕ ನೀಲವ್ವನನ್ನು ಸವಣೂರಿಗೆ ಕೊಟ್ಟಿದೆ. ತಮ್ಮನ ಹೆಸರು ಹಿಡಿಯಲು ಅಕ್ಕನಿಗೆ ಯಾವ ಕಟ್ಟಲೆ? ಸ್ಪೀಕರ್ ಹಾಕಿ, ಇಲ್ಲೊಬ್ಬ ಟೀಚರಬಾಯಿ ಇದ್ದಾಳೆ, ಇವಳು ಕೇಳುವ ಹಾಗೆ ನಿನ್ನ ತಮ್ಮನ ಹೆಸರನ್ನು ಒಮ್ಮೆ ಬಿಡಿಸಿ ಹೇಳು ಎಂದೆ. ನೀಲವ್ವ ವೀಳ್ಯದೆಲೆ ಆಯುತ್ತ ಕೂತಿದ್ದಳು. ತಮ್ಮನೇ ಲೈನಿನಲ್ಲಿದ್ದಾನೆಂದು ತಿಳಿದಳೋ ಏನೋ, ಸ್ಕಾಟ್ಲೆಂಡು ದೂರವೆಂದು ದನಿ ಎತ್ತರಿಸಿ ಕರೆದಳು.

“ಏ ಅಡಿವ್ಯಾ, ಎದಿ ಹೆಂಗೈತೋ? ಗುಳಿಗಿ ನುಂಗಾಕತ್ತಿಯಿಲ್ಲೋ?”

ಅಷ್ಟರಲ್ಲಿ ಲೈನು ಹೋಯಿತು. ಮತ್ತೆ ಸಿಗಲಿಲ್ಲ. ಇಸಾಬೆಲ್ ಆ ಮೊದಲ ಮಾತನ್ನು ಹಿಡಿದುಕೊಂಡುಬಿಟ್ಟಿದ್ದಳು. ಅಡಿವ್ಯಾ, ಅಡಿವ್ಯಾ ಎಂದು ಓಣಿಯಲ್ಲಿ ಓಡಾಡುತ್ತ ಅಭ್ಯಾಸ ನಡೆಸಿದಳು. ಹಾಗಲ್ಲ, ಅದು ಮನೆಯವರು ಸಲಿಗೆಯಿಂದ ಕರೆಯುವುದು, ಸಭೆಯಲ್ಲಿ ಹಾಗೆ ಅನ್ನಬಾರದು ಎಂದೆ. ಹಾಗಾದರೆ ಏನನ್ನಬೇಕು ಎಂದು ಅವಳು ಕೇಳಿದಳು. ನಾನು ಬರೆದುಕೊಡಲು ಪೆನ್ನು ಹುಡುಕತೊಡಗಿದೆ. ಒಡಹುಟ್ಟಿದ ಅಕ್ಕನಿಗಿಂತ ಸರಿಯಾಗಿ ಯಾರು ಹೇಳುತ್ತಾರೆ ಎಂದು ಇಸಾಬೆಲ್ ವೇದಿಕೆಗೆ ಹೋದಳು.

ಆಡೂರಿನ ಅಡಿವ್ಯಾ ಎಂದಳು. ಡಕಾರ ಸ್ವಚ್ಛ, ವಕಾರ ಸ್ವಚ್ಛ. ತುಂಬಿದ ಸಭೆಯಲ್ಲಿ ನನ್ನ ಗಂಡನನ್ನು ದನ ಕಾಯುವ ಪೋರನನ್ನು ಕರೆದ ಹಾಗೆ ಕರೆದಳಲ್ಲ ಎಂದು ನಾನು ಸೆರಗಿನಲ್ಲಿ ಮುಖ ಮುಚ್ಚಿಕೊಂಡೆ. ಕಣ್ಣು ತೆಗೆದು ನೋಡಿದರೆ ಇವರು ಆಗಲೇ ಎದ್ದಿದ್ದಾರೆ. ನೆಲ ಮುಟ್ಟಿ ನಮಸ್ಕಾರ ಮಾಡಿದರು. ಕೂತು ತಂತಿ ಮೀಟಿದವರು ಹಾಡಿದರು ನೋಡಿ, ಆಸ್ಪತ್ರೆಯಿಂದ ಬಂದ ಮೇಲೆ ಅಂಥ ಹಾಡು ನಾನು ಕೇಳಿರಲಿಲ್ಲ. ಮೇಲಿನ ಷಡ್ಜಕ್ಕೆ ಹೋಗಿ ನಿಂತರೆ ಅಲ್ಲೇ ನಿಂತರು. ಡಾಕ್ಟರು ಜೋರಾಗಿ ಹಾಡಬೇಡಿ ಎಂದಿದ್ದು ನನಗೂ ಮರೆತುಹೋಯಿತು. ಸಮಯ ಮುಗಿದಿತ್ತು, ಆದರೆ ಇಸಾಬೆಲ್ ನಿಲ್ಲಿಸಲಿಲ್ಲ.

ಹಡಗಿನ ಮೇಲೆ

ಸ್ಕಾಟ್ಲೆಂಡಿನಿಂದ ಐರ್ಲೆಂಡಿಗೆ ಹಡಗಿನಲ್ಲಿ ದಾಟಬೇಕು. ಕಾರುಗಳು ಹಡಗಿನ ಹೊಟ್ಟೆಯಲ್ಲಿ, ಜನ ಮೇಲೆ. ಹೆಲೆನ್‌ಗೆ ಕಡಲು ಆಗಿಬರುವುದಿಲ್ಲ, ಒಂದು ಸೋಫಾದ ಮೇಲೆ ಕಣ್ಣುಮುಚ್ಚಿ ಮಲಗಿದಳು. ನಾವಿಬ್ಬರೂ ಕಿಟಕಿಯ ಹತ್ತಿರ ಕೂತೆವು. ನಮ್ಮ ಕಡೆಯ ಧರ್ಮಾ ಜಲಾಶಯ ನೋಡಿದವರಿಗೆ ನೀರು ಹೊಸದಲ್ಲ, ಆದರೆ ದಡವೇ ಇಲ್ಲದ ನೀರು ನೋಡಿ ಇವರು ಗಾಜಿಗೆ ಹಣೆ ಹಚ್ಚಿ ಕೂತರು.

ನಾನು ನನ್ನ ಸಿಟ್ಟನ್ನು ತೆಗೆದೆ. ನೀವು ಎಂಥ ಮನುಷ್ಯರು ಎಂದೆ. ಅರ್ಧ ಹೆಸರಿಗೆ ಆಗಲಿ ಬಿಡು ಅಂತೀರಿ, ಅಡಿವ್ಯಾ ಎಂದರೆ ಹಿಗ್ಗಿ ಹಾಡುತ್ತೀರಿ, ಮಾನ ಮರ್ಯಾದೆಯ ಪರಿವೆ ಇದೆಯೋ ಇಲ್ಲವೋ ಎಂದು ಕೇಳಿದೆ. ಇವರು ಬಿಸ್ಕತ್ತಿನ ಪೊಟ್ಟಣ ಬಿಚ್ಚುತ್ತಿದ್ದರು.

“ಗಿರಿಜಾ, ಅಪ್ಪ ಹ್ವಾದ, ಅವ್ವ ಹ್ವಾದ್ಲು. ಭಜನ್ಯಾಗ ಹೆಸರ ಹಿಡದ ಕರಿಯೋ ಹಿರ್ಯಾರೂ ಹ್ವಾದ್ರು. ಈಗ ಎಲ್ಲಿ ನಿಂತ್ರೂ ಅಜ್ಜಾರ, ಅಜ್ಜಾರ. ನನ್ನ ಹೆಸರ ಕರಿಯಾಕಿ ಉಳದಾಕಿ ಅಕ್ಕ ಒಬ್ಬಾಕಿ. ಆಕೀನೂ ಹ್ವಾದ್ಲಂದ್ರ ಅದು ರೇಶನ್ ಕಾರ್ಡಿನ್ಯಾಗಷ್ಟ ಇರ್ತೈತಿ ನೋಡು.”

ದೂರಿದ ದನಿಯಲ್ಲ. ಹೊಲದ ಬದುವಿನ ವಿಷಯ ಹೇಳಿದ ಹಾಗೆ ಹೇಳಿ ಬಿಸ್ಕತ್ತು ತಿಂದರು, ನನಗೂ ಒಂದು ಕೊಟ್ಟರು. ನೀನು ಕರೆ ಎಂದು ಕೇಳಲಿಲ್ಲ. ನಮ್ಮ ಮದುವೆಯಾದ ಮೇಲೆ ಒಂದು ದಿನವೂ ಕೇಳಿದವರಲ್ಲ. ವಿಮಾನದಲ್ಲಿ ಆ ಸಂಭ್ರಮ ಯಾಕೆ ಇತ್ತು ಎಂದು ನನಗೆ ಈಗ ತಿಳಿಯಿತು. ಗಾಳಿಗೆ ಹೋಗಿ ಬರುತ್ತೇನೆಂದು ಎದ್ದೆ.

ಹೊರಗೆ ಹಡಗಿನ ಅಂಚಿನ ಕಟಾಂಜನ ಹಿಡಿದು ನಿಂತೆ. ಬಿಳಿ ಹಕ್ಕಿಗಳು ಬಿಟ್ಟರೆ ಯಾರೂ ಇರಲಿಲ್ಲ. ಇಲ್ಲಿ ಯಾರು ಕೇಳುತ್ತಾರೆ, ಒಮ್ಮೆ ಅಂದು ನೋಡೋಣ ಎಂದುಕೊಂಡೆ. ಅಡಿ ಎನ್ನುವವರೆಗೆ ಬಂತು. ಮುಂದಕ್ಕೆ ಹುಬ್ಬಳ್ಳಿಯ ಆಸ್ಪತ್ರೆಯ ಆ ಬೆಂಚು, ಹಸಿರು ಪರದೆ, ಬಾಗಿಲ ಮೇಲಿನ ಕೆಂಪು ದೀಪ ಎಲ್ಲ ಕಣ್ಣಿಗೆ ಕಟ್ಟಿತು. ನಾನು ಓದಿದವಳು, ಹತ್ತು ಮಂದಿಗೆ ಬುದ್ಧಿ ಹೇಳಿದವಳು, ನನಗೆ ಆಗಲಿಲ್ಲ. ಒಳಗೆ ಬಂದು ಇವರ ಮಧ್ಯಾಹ್ನದ ಗುಳಿಗೆ ತೆಗೆದುಕೊಟ್ಟೆ.

ಕಾರ್ಕ್

ಕಾರ್ಕಿನ ಜನ ಮಾತಾಡುವುದಿಲ್ಲ, ರಾಗ ಎಳೆಯುತ್ತಾರೆ. ಪ್ರತಿ ಮಾತಿನ ಕೊನೆಗೂ ದನಿ ಮೇಲೇರುತ್ತದೆ. ಮಳೆ ಬರುತ್ತಿದೆ ಎಂದರೂ ಪ್ರಶ್ನೆ ಕೇಳಿದ ಹಾಗೆ. ಇವರಿಗೆ ಆ ಮಾತು ಬಹಳ ಇಷ್ಟವಾಯಿತು, ಅರ್ಥವಾಗದಿದ್ದರೂ ತಲೆದೂಗುತ್ತ ಕೇಳಿದರು. ಸಭಾಂಗಣದ ಬಾಗಿಲಲ್ಲಿ ಇವರ ದೊಡ್ಡ ಪಟ ಇತ್ತು. ರುಮಾಲು, ವಿಭೂತಿ, ಏಕತಾರಿ ಎಲ್ಲ ಚೆಂದ ಬಂದಿತ್ತು. ಕೆಳಗೆ ದೊಡ್ಡ ಅಕ್ಷರದಲ್ಲಿ ಆಡಿ ಎಂದಿತ್ತು. ಪಟ ಯಾರದೋ ಹೆಸರು ಯಾರದೋ ಅನ್ನಿಸಿತು.

ಇಲ್ಲಿ ಕರೆಯುವವಳು ನೋರಾ, ನಮ್ಮಿಬ್ಬರಿಗಿಂತ ಹಿರಿಯಳು, ಬೆಳ್ಳಿ ಕೂದಲಿನ ಮುದುಕಿ. ವೇದಿಕೆಯ ಹಿಂದಿನ ಕೋಣೆಗೆ ಬಂದವಳು ನನ್ನನ್ನು, ಹಿಮ್‌ಸೆಲ್ಫ್ ಊಟ ಮಾಡಿದರೇ ಎಂದು ಕೇಳಿದಳು. ಯಾರು ಎಂದೆ. ಮೂಲೆಯಲ್ಲಿ ತಂತಿ ಬಿಗಿಯುತ್ತ ಕೂತ ಇವರತ್ತ ಗದ್ದದಿಂದ ತೋರಿಸಿದಳು. ಅವರ ಕಡೆಯ ಹಳೆಯ ಹೆಂಗಸರು ಗಂಡನ ಸುದ್ದಿ ಎತ್ತುವಾಗ ಹಾಗೆಯೇ ಅನ್ನುತ್ತಾರಂತೆ. ಹೆಸರಿಲ್ಲ, ಬರೀ ಅವರು. ನನಗೆ ಹಂಸಭಾವಿಯ ಹಿತ್ತಲಲ್ಲಿ ಕೂತ ಹಾಗಾಯಿತು. ಅವಳ ಕೈ ಹಿಡಿದುಕೊಂಡು ಒಡಪಿನಿಂದ ಹಿಡಿದು ಹಡಗಿನವರೆಗೆ ಎಲ್ಲ ಹೇಳಿದೆ. ಎದೆಯ ಸ್ಟೆಂಟಿನ ವಿಷಯವನ್ನೂ ಹೇಳಿದೆ. ಅವಳು ನಗಲಿಲ್ಲ.

ನಿಜವಾದ ಹೆಸರನ್ನು ಒಂದು ಚೀಟಿಯ ಮೇಲೆ ಬರೆಸಿಕೊಂಡಳು. ಅಂದು ನೋಡಿದಳು. ಅಡಿ ಸಣ್ಣದಾಗಿ, ವೇ ಮೇಲಕ್ಕೆ ಹಾರಿ, ಪ ಎಲ್ಲೋ ಮಾಯವಾಯಿತು. ಮತ್ತೆ ಅಂದಳು, ಇನ್ನೊಂದು ರಾಗ ಬಂತು. ಆಮೇಲೆ ಚೀಟಿಯನ್ನು ನನ್ನ ಕೈಗೇ ಕೊಟ್ಟು, ಸರಿಯಾಗಿ ಬಲ್ಲವಳು ಇಲ್ಲಿ ಕೂತಿರುವಾಗ ನಾನು ಹೋಗಿ ಕೆಡಿಸುವುದು ಚೆನ್ನಲ್ಲ, ನೀನೇ ಕರೆ ಎಂದಳು. ನನ್ನಿಂದ ಆಗದು ಎಂದೆ. ಒತ್ತಾಯ ಮಾಡಲಿಲ್ಲ. ಹಾಗಾದರೆ ಪೋಸ್ಟರಿನಲ್ಲಿ ಇರುವುದನ್ನೇ ಕರೆಯುತ್ತೇನೆ ಎಂದು ಭುಜ ತಟ್ಟಿ ಹೋದಳು.

ನಾನು ಪರದೆಯ ಪಕ್ಕದಲ್ಲಿ ನಿಂತೆ. ಎದುರಿನ ಪರದೆಯ ಹತ್ತಿರ ಇವರು ಕುರ್ಚಿಯ ಮೇಲೆ ಕೂತಿದ್ದರು. ನೋರಾ ಮೈಕಿನ ಮುಂದೆ ಊರಿನ ಬಗ್ಗೆ, ಹಾಡಿನ ಬಗ್ಗೆ ನಾಲ್ಕು ಮಾತು ಹೇಳಿದಳು. ಮಾತು ಮುಗಿಯುವ ಹದಕ್ಕೆ ಬಂದಿತ್ತು. ಅವಳಿನ್ನೂ ಕರೆದಿಲ್ಲ, ಇವರು ಆಗಲೇ ಕುರ್ಚಿಯಿಂದ ಅರ್ಧ ಎದ್ದಿದ್ದರು. ಯಾರನ್ನು ಕರೆದರೂ ಸರಿ, ಹೋಗಿ ಹಾಡಿಬರುತ್ತೇನೆ ಎನ್ನುವ ಹಾಗೆ. ಕರೆಯುವವರೆಗೆ ಕದಲಬಾರದೆಂಬ ಪದ್ಧತಿಯನ್ನು ಜನ್ಮದಲ್ಲಿ ಬಿಡದವರು ಅರ್ಧ ಎದ್ದು ನಿಂತಿದ್ದು ನೋಡಿ ನನ್ನ ಮೈ ಉರಿಯಿತು. ಯಾರ ಮೇಲೆ ಸಿಟ್ಟು ಬಂತೋ ತಿಳಿಯದು. ಹೆಲೆನ್ ಮೇಲಲ್ಲ, ನೋರಾ ಮೇಲಲ್ಲ. ನನ್ನ ಕಾಲು ತಾವಾಗಿ ನಡೆದವು. ನೋರಾ ಸರಿದು ಜಾಗ ಬಿಟ್ಟಳು.

ದೀಪದ ಬೆಳಕಿಗೆ ಎದುರಿನವರು ಯಾರೂ ಕಾಣಿಸಲಿಲ್ಲ. ಒಡಪಿನೊಳಗೆ ಸೇರಿಸಿ ಹೇಳಿದರೆ ದೋಷವಿಲ್ಲ ಎಂದು ನೆನಪಾಯಿತು. ಕಡಲಿಗೆ ಪ್ರಾಸ ಹುಡುಕಿದೆ, ಕಾರ್ಕಿಗೆ ಹುಡುಕಿದೆ. ಒಂದೂ ಹೊಳೆಯಲಿಲ್ಲ.

“ಆಡೂರಿನ ಅಡಿವೆಪ್ಪ” ಎಂದೆ.

ದನಿ ಒಡೆಯಿತು. ಮೈಕಿಗೂ ಸರಿಯಾಗಿ ಕೇಳಿಸಿರಲಿಕ್ಕಿಲ್ಲ. ಇಷ್ಟಾದ ಮೇಲೆ ಇನ್ನೇನು ಎಂದು, ಗದ್ದೆಯ ಆಚೆ ದಂಡೆಯಲ್ಲಿದ್ದವರನ್ನು ಕೂಗುವ ಹಾಗೆ ಕೂಗಿದೆ.

“ಅಡಿವೆಪ್ಪಾ!”

ನಾನು ತಿರುಗಿ ನೋಡಿದೆ. ಅರ್ಧ ಎದ್ದವರು ಮತ್ತೆ ಕುರ್ಚಿಯ ಮೇಲೆ ಕುಸಿದು ಕೂತಿದ್ದರು. ಬಲಗೈ ಎದೆಯ ಮೇಲಿತ್ತು. ಏಕತಾರಿ ತೊಡೆಯಿಂದ ಜಾರಿ ನೆಲಕ್ಕೆ ತಾಗಿ ಅದರ ತಂತಿ ಒಮ್ಮೆ ಮಿಡಿಯಿತು. ಶಿವನೇ, ಏನು ಮಾಡಿಬಿಟ್ಟೆ ಎಂದು ಮೈಕಿನ ಕಂಬ ಹಿಡಿದುಕೊಂಡೆ.

ಇವರು ನನ್ನನ್ನೇ ನೋಡುತ್ತಿದ್ದರು. ಕಣ್ಣು ತುಂಬಿ ಕೆನ್ನೆಯ ಮೇಲೆ ಇಳಿದಿತ್ತು. ಆಮೇಲೆ ಮುಖ ಮೇಲೆತ್ತಿ, ಎಲ್ಲೋ ಆಡುತ್ತಿದ್ದ ಹುಡುಗ ಮನೆಯ ಬಾಗಿಲಿನ ಕೂಗಿಗೆ ಓಗೊಡುವ ಹಾಗೆ, ಉದ್ದಕ್ಕೆ, ಹೊಟ್ಟೆಯ ತಳದಿಂದ ದನಿ ತೆಗೆದರು.

“ಓ…”

ಕಾರ್ಕಿನ ಜನ ಹಾಡು ಶುರುವಾಯಿತೆಂದು ಚಪ್ಪಾಳೆ ತಟ್ಟಿದರು. ನಾನು ಮೈಕಿನ ಮುಂದೆಯೇ ನಿಂತು ಅತ್ತೆ.